ಸಮುದ್ರ ಇಲ್ಲದ ಊರಲ್ಲಿ 560 ಲೀಟರ್ ಸಮುದ್ರ

ಎಪಿಸೋಡ್ ಪೂರ್ತಿ ಕೇಳಲು ಟೈಮ್ ಇಲ್ಲದವರಿಗೆ, ಡೇಟಾ ಮುಗಿದವರಿಗೆ ಎಂದಿನಂತೆ ಇದು ಓದುವ ರೂಪ. ಮಾತಿನ ಗಡಿಬಿಡಿಯನ್ನು ಅಲ್ಲಲ್ಲಿ ತಿದ್ದಿದ್ದೇನೆ, ಪೂರ್ತಿ ತಿದ್ದಿಲ್ಲ.

ಹಿಂದಿನ ಸಲ ಬೇರೇನೋ ಮಾತಾಡುವಾಗ, ಸೇಡಂನ ನಮ್ಮ ಮನೆಯಲ್ಲಿ ಸಮುದ್ರದ ಮೀನಿನ ಟ್ಯಾಂಕ್ ಇದೆ ಅಂತ ಒಂದೇ ಸಾಲು ಹೇಳಿದ್ದೆ. ಆ ಒಂದು ಸಾಲಿಗೆ ಬಂದಷ್ಟು ವಾಯ್ಸ್ ನೋಟ್ ಯಾವ ಎಪಿಸೋಡ್‌ಗೂ ಬಂದಿರಲಿಲ್ಲ. ವಾಡಿಯಿಂದ ಒಬ್ಬ ಹುಡುಗ, "ಅಣ್ಣಾ, ನಮ್ಮ ಬೋರಿನ ನೀರಿಗೇ ಉಪ್ಪು ಹಾಕಿದ್ರ ನಡೀತದೇನು?" ಅಂತ ಕೇಳಿದ. ಚಿತ್ತಾಪುರದವರು ಖರ್ಚೆಷ್ಟು ಅಂತ. ಶಹಾಬಾದಿನಿಂದ ಇಬ್ಬರು, ನಮ್ಮ ಕಲ್ಲನ್ನೇ ಟ್ಯಾಂಕಿನೊಳಗೆ ಹಾಕಬಹುದಾ ಅಂತ. ಚಿಂಚೋಳಿಯ ಅಕ್ಕಾರೊಬ್ಬರು ಮಾತ್ರ ಸ್ವಲ್ಪ ಸಿಟ್ಟಿನಲ್ಲೇ ಇದ್ದರು: "ಬ್ಯಾಸಗ್ಯಾಗ ಮಂದಿ ಕೊಡ ಹಿಡ್ಕೊಂಡು ನಿಂತಿರ್ತಾರ. ನಿಮಗ ಮೀನಿನ ಶೋಕಿ ಯಾಕ ಬೇಕು?"

ಅಕ್ಕಾರ ಪ್ರಶ್ನೆಯಿಂದಲೇ ಶುರು ಮಾಡ್ತೀನಿ. ಯಾಕಂದ್ರೆ ನಮ್ಮ ಅವ್ವ ಕೇಳಿದ್ದೂ ಅದನ್ನೇ.

ನನಗೆ ಈ ಹುಚ್ಚು ಹತ್ತಿದ್ದು ಸಣ್ಣವನಿದ್ದಾಗ. ನಮ್ಮ ಕಡೆ ದುಡಿಯಲು ಮುಂಬೈಗೆ ಹೋಗದ ಮನೆ ಕಡಿಮೆ. ವಾಡಿ ಜಂಕ್ಷನ್‌ನಲ್ಲಿ ರೈಲು ಹತ್ತಿದರೆ ಸೋಲಾಪುರ, ಪುಣೆ, ಆಮೇಲೆ ಮುಂಬೈ. ಕಾಕಾ ಅಲ್ಲಿದ್ದರು. ಒಂದು ಸೂಟಿಯಲ್ಲಿ ನನ್ನನ್ನು ಮರೀನ್ ಡ್ರೈವ್‌ನ ತಾರಾಪೊರವಾಲಾ ಅಕ್ವೇರಿಯಮ್ಮಿಗೆ ಕರ್ಕೊಂಡು ಹೋದರು. 1951ರಲ್ಲಿ ಶುರುವಾದ ಹಳೇ ಜಾಗ ಅದು. ಹೊರಗೆ ಸಮುದ್ರ, ಒಳಗೆ ಗಾಜಿನ ಹಿಂದೆ ಸಮುದ್ರ. ಕಾಗಿಣಾ ನದಿಯ ಮೀನು ಬಿಟ್ಟು ಬೇರೆ ಮೀನು ನೋಡದ ಹುಡುಗನಿಗೆ ಕಿತ್ತಳೆ ಬಣ್ಣಕ್ಕೆ ಬಿಳಿ ಪಟ್ಟಿ ಇದ್ದ ಆ ಮೀನು ತಲೆಯಿಂದ ಹೋಗಲೇ ಇಲ್ಲ.

ಕೈಯಲ್ಲಿ ಸ್ವಲ್ಪ ದುಡ್ಡು ಓಡಾಡಲು ಶುರುವಾದ ಮೇಲೆ ಅವ್ವನ ಮುಂದೆ ವಿಷಯ ಇಟ್ಟೆ. ಬೇಕಂತಲೇ ಜಾಣತನದ ವಾದ ಹೂಡಿದೆ. ನಾವು ತುಳಿಯುವ ಶಹಾಬಾದಿ ಫರ್ಸಿ ಇದೆಯಲ್ಲ, ಅದು ಐವತ್ತು ಕೋಟಿ ವರ್ಷಕ್ಕಿಂತ ಹಿಂದೆ ಇಲ್ಲಿದ್ದ ಆಳವಿಲ್ಲದ ಸಮುದ್ರದ ತಳದಲ್ಲಿ ಕೂತ ಸುಣ್ಣದ ಕೆಸರು. ಮೀನು ಅನ್ನುವ ಪ್ರಾಣಿ ಹುಟ್ಟುವ ಮೊದಲಿನದು. ಅದೇ ಸುಣ್ಣಗಲ್ಲು ವಾಡಿ, ಸೇಡಂನಲ್ಲಿ ಸಿಮೆಂಟ್ ಆಗುತ್ತದೆ, ಶಹಾಬಾದಿನಲ್ಲಿ ಫರ್ಸಿ ಆಗುತ್ತದೆ. "ಇಲ್ಲಿ ಮೊದಲೇ ಸಮುದ್ರ ಇತ್ತಬೇ" ಅಂದೆ. ಅವ್ವ ರೊಟ್ಟಿ ಬಡಿಯುವುದು ನಿಲ್ಲಿಸದೆ, "ಹಂಗಾದ್ರ ಆ ಸಮುದ್ರದ ನೀರೇ ತಂದು ತುಂಬು, ನಳದ ನೀರು ಮುಟ್ಟಬ್ಯಾಡ" ಅಂದಳು.

ಆ ಮಾತು ನನಗೆ ಷರತ್ತಾಯಿತು. ಕುಡಿಯುವ ನೀರು ಮುಟ್ಟದೆ ಟ್ಯಾಂಕ್ ನಡೆಸಬೇಕು. ಹಾಗೆ ನಡೆಸಲು ಆಗುತ್ತದೆ ಅನ್ನುವುದೇ ಇವತ್ತಿನ ಮಾತು, ಆದರೆ ಅದಕ್ಕೆ ಲೆಕ್ಕ ಬೇಕು.

ಮೊದಲು ನೀರು ಯಾಕೆ ಇಷ್ಟು ದೊಡ್ಡ ತಲೆನೋವು ಅಂತ ನೋಡೋಣ. ನಮ್ಮ ಬೋರಿನ ನೀರು ಸುಣ್ಣಗಲ್ಲಿನ ಸಂದಿಯಿಂದ ಬರುವುದು. ಬಕೆಟ್ ಅಂಚಿಗೆ ಬಿಳಿ ಪಟ್ಟಿ ಕಟ್ಟುತ್ತದೆ, ಗೀಸರ್ ಕಾಯಿಲ್ ಎರಡು ವರ್ಷಕ್ಕೆ ಹೋಗುತ್ತದೆ. ಟಿಡಿಎಸ್ ಮೀಟರ್ ಅದ್ದಿದರೆ ನಮ್ಮ ಮನೆಯಲ್ಲಿ 900ರ ಮೇಲೆ ತೋರಿಸಿತು. ವಾಡಿಯ ತಮ್ಮಾ, ನೀನು ಕೇಳಿದ್ದಕ್ಕೆ ಉತ್ತರ: ನಡೆಯೋದಿಲ್ಲ. ಸಮುದ್ರದ ನೀರು ಅಂದ್ರೆ ಬರೀ ಉಪ್ಪುನೀರಲ್ಲ. ಒಂದು ಲೀಟರಿನಲ್ಲಿ ಸುಮಾರು 35 ಗ್ರಾಂ ಲವಣ ಇರುತ್ತದೆ. ಅದರಲ್ಲಿ ಅಡುಗೆ ಉಪ್ಪಿನ ಪಾಲು ದೊಡ್ಡದು ಖರೆ, ಆದರೆ ಮೆಗ್ನೀಸಿಯಂ ಸುಮಾರು 1,300 ಮಿಲಿಗ್ರಾಂ, ಕ್ಯಾಲ್ಸಿಯಂ 400ರ ಆಸುಪಾಸು, ಪೊಟ್ಯಾಸಿಯಂ ಹೆಚ್ಚುಕಡಿಮೆ ಅಷ್ಟೇ. ಅಂಗಡಿಯಲ್ಲಿ ಸಿಗುವ ಅಕ್ವೇರಿಯಂ ಉಪ್ಪು ಈ ಲೆಕ್ಕ ಇಟ್ಟುಕೊಂಡೇ ಮಾಡಿದ್ದು. ಅದನ್ನು ಖಾಲಿ ನೀರಿಗೆ, ಅಂದ್ರೆ ಏನೂ ಕರಗಿರದ ನೀರಿಗೆ ಬೆರೆಸಬೇಕು. ಬೋರಿನ ನೀರಿಗೆ ಹಾಕಿದರೆ ಲೆಕ್ಕ ಕೆಡುತ್ತದೆ. ಹೊಲದ ಗೊಬ್ಬರದ ನೈಟ್ರೇಟ್ ಆ ನೀರಿನಲ್ಲಿದ್ದರೆ ಅದೂ ಟ್ಯಾಂಕಿಗೆ ಬರುತ್ತದೆ, ಪಾಚಿ ಹಬ್ಬ ಮಾಡುತ್ತದೆ.

ಹಾಗಾದರೆ ಆರ್‌ಒ? ಮನೆಯಲ್ಲಿಡುವ ಸಾಮಾನ್ಯ ಆರ್‌ಒ ಒಂದು ಲೀಟರ್ ಕೊಡಲು ಮೂರು ಲೀಟರಿನಷ್ಟು ಹೊರಗೆ ಬಿಡುತ್ತದೆ. 560 ಲೀಟರ್ ತುಂಬಲು 1,700 ಲೀಟರ್ ಚರಂಡಿಗೆ. ಊರಿನ ಶುದ್ಧ ನೀರಿನ ಘಟಕದಿಂದ 20 ಲೀಟರಿನ ಕ್ಯಾನ್ ತಂದರೆ 28 ಕ್ಯಾನ್. ಕ್ಯೂನಲ್ಲಿ ನನ್ನ ಹಿಂದೆ ನಿಂತವರ ಮುಖ ನೋಡಿ ಅದನ್ನು ಮಾಡಲು ನನಗೆ ಧೈರ್ಯ ಬರಲಿಲ್ಲ, ಬರಬಾರದು ಕೂಡ.

ಉಳಿದದ್ದು ಮಳೆ. ನಮ್ಮ ಮಾಳಿಗೆ 600 ಚದರ ಅಡಿ. ಅದರ ಮೇಲೆ 20 ಮಿಲಿಮೀಟರ್ ಒಂದು ಛಲೋ ಮಳೆ ಬಿದ್ದರೆ ಸಾವಿರ ಲೀಟರ್ ದಾಟುತ್ತದೆ. ಸಾವಿರ ಲೀಟರಿನ ಕಪ್ಪು ಪ್ಲಾಸ್ಟಿಕ್ ಟ್ಯಾಂಕ್ ಎರಡು ತಂದೆ, ಮುಚ್ಚಳಕ್ಕೆ ಸೊಳ್ಳೆ ಜಾಲಿ ಕಟ್ಟಿದೆ. ಮೊದಲ ಎರಡು-ಮೂರು ಮಳೆಯನ್ನು ಹರಿಯಲು ಬಿಟ್ಟೆ. ಬ್ಯಾಸಗಿ ಪೂರ್ತಿ ಮಾಳಿಗೆ ಮೇಲೆ ಕೂತ ಧೂಳು ಅದರಲ್ಲಿ ಇರುತ್ತದೆ, ನಮ್ಮ ಸೀಮೆಯಲ್ಲಿ ಆ ಧೂಳಿನಲ್ಲಿ ಸುಣ್ಣ, ಸಿಮೆಂಟು ಇರುವುದೇ. ಅದು ನೀರಿನ ಪಿಎಚ್ ಏರಿಸುತ್ತದೆ. ಮೊದಲ ಮಳೆಯ ನೀರು ಮೀಟರಿನಲ್ಲಿ 140 ತೋರಿಸಿತ್ತು. ಜುಲೈ ಕೊನೆಗೆ ಅದೇ ಮಾಳಿಗೆಯ ನೀರು 20ಕ್ಕೆ ಇಳಿದಿತ್ತು. ಅದನ್ನು ಡಿಐ ರೆಸಿನ್ ತುಂಬಿದ ಒಂದು ಕೊಳವೆಯಲ್ಲಿ ಹಾಯಿಸಿದರೆ ಸೊನ್ನೆ. ಒಂದು ಹನಿಯೂ ಚರಂಡಿಗೆ ಹೋಗಲಿಲ್ಲ.

ಇದರಲ್ಲಿ ಒಂದೇ ತೊಂದರೆ. ಟ್ಯಾಂಕ್ ಮನೆಗೆ ಬಂದದ್ದು ಮಾರ್ಚಿನಲ್ಲಿ, ಮಳೆ ಬಂದದ್ದು ಜುಲೈನಲ್ಲಿ. ನಾಲ್ಕು ತಿಂಗಳು ಐದು ಅಡಿಯ ಗಾಜಿನ ಪೆಟ್ಟಿಗೆ ಪಡಸಾಲೆಯಲ್ಲಿ ಖಾಲಿ ಕೂತಿತ್ತು. ಅವ್ವ ಅದರಲ್ಲಿ ಕೌದಿ ಮಡಚಿ ಇಟ್ಟಿದ್ದಳು. ಬಂದವರು ಯಾರಾದರೂ ಇದೇನು ಅಂತ ಕೇಳಿದರೆ, "ಇದು ನನ್ನ ಮಗನ ಸಮುದ್ರ" ಅಂತ ಕೌದಿ ತೋರಿಸುತ್ತಿದ್ದಳು.

ಟ್ಯಾಂಕಿನ ಅಳತೆ ಹೇಳಲೇ ಇಲ್ಲ ನೋಡ್ರಿ. ಉದ್ದ ಐದು ಅಡಿ, ಅಗಲ ಎರಡು, ಎತ್ತರ ಎರಡು. ಗಾಜು 12 ಮಿಲಿಮೀಟರ್. ಯಾಕೆ ಇಷ್ಟು ದೊಡ್ಡದು ಅಂದ್ರೆ, ಸಮುದ್ರದ ಟ್ಯಾಂಕಿನಲ್ಲಿ ದೊಡ್ಡದೇ ಸುಲಭ. ಸಣ್ಣ ತಪ್ಪು 50 ಲೀಟರಿನಲ್ಲಿ ಮಧ್ಯಾಹ್ನದೊಳಗೆ ಮೀನು ಕೊಲ್ಲುತ್ತದೆ, 560 ಲೀಟರಿನಲ್ಲಿ ನಿಮಗೆ ಎರಡು ದಿನ ಸಿಗುತ್ತದೆ. ಆದರೆ ಭಾರ ಲೆಕ್ಕ ಹಾಕಿ: ನೀರು 580 ಕಿಲೋ, ಗಾಜು 100 ದಾಟುತ್ತದೆ, ಒಳಗಿನ ಕಲ್ಲು, ಕೆಳಗಿನ ಸ್ಟ್ಯಾಂಡ್ ಎಲ್ಲ ಸೇರಿ 800 ಕಿಲೋ. ಅದು ಹತ್ತು ಚದರ ಅಡಿ ಜಾಗದ ಮೇಲೆ. ಮನೆಯ ಸ್ಲ್ಯಾಬನ್ನು ಸಾಮಾನ್ಯವಾಗಿ ಚದರ ಮೀಟರಿಗೆ 200 ಕಿಲೋ ಲೆಕ್ಕದಲ್ಲಿ ಕಟ್ಟಿರುತ್ತಾರೆ, ಅಂದ್ರೆ ಚದರ ಅಡಿಗೆ ಇಪ್ಪತ್ತು ಕಿಲೋಕ್ಕೂ ಕಡಿಮೆ. ನಮ್ಮದು ಎಂಬತ್ತು. ಅದಕ್ಕೇ ಮೇಲಂತಸ್ತು ಬೇಡವೇ ಬೇಡ. ನೆಲಮಹಡಿ, ಗೋಡೆಯ ಪಕ್ಕ.

ನೆಲಮಹಡಿಯಲ್ಲೂ ಫರ್ಸಿ ಹಾಸಿದ ಮನೆಗೆ ಒಂದು ಪರೀಕ್ಷೆ ಇದೆ. ನಾಣ್ಯದಿಂದ ಒಂದೊಂದೇ ಕಲ್ಲು ತಟ್ಟಿ ನೋಡಿ. ಟಣ್ ಅಂತ ಗಟ್ಟಿ ಸದ್ದು ಬಂದರೆ ಸರಿ, ಡಬ್ ಡಬ್ ಅಂದರೆ ಕೆಳಗೆ ಟೊಳ್ಳು. ನಮ್ಮ ಪಡಸಾಲೆಯಲ್ಲಿ ಎರಡು ಕಲ್ಲು ಟೊಳ್ಳಿದ್ದವು. ಶಹಾಬಾದಿನಿಂದ ಬಂದ ಗೌಂಡಿ ಅವನ್ನು ಎಬ್ಬಿಸಿ, ಕೆಳಗೆ ಕಾಂಕ್ರೀಟ್ ತುಂಬಿ, ಮತ್ತೆ ಕೂಡಿಸಿಕೊಟ್ಟರು. ಸ್ಟ್ಯಾಂಡ್ ಕೂಡ ಅವರದೇ ಐಡಿಯಾ. ನಾನು ಕಬ್ಬಿಣದ್ದು ಅಂತಿದ್ದೆ. "ಉಪ್ಪಿನ ನೀರಿಗೆ ಕಬ್ಬಿಣ ಎಷ್ಟ್ ದಿನ ಬಾಳ್ತದ ಸಾಹೇಬ್ರ, ಅಡಗಿ ಮನ್ಯಾಗ ಕಟ್ಟಿ ಕಟ್ಟಿದಂಗ ಕಟ್ತೀನಿ" ಅಂದರು. ಮೂರು ಇಟ್ಟಂಗಿ ಗೋಡೆ, ಮೇಲೆ ಎರಡು ಇಂಚಿನ ಶಹಾಬಾದಿ ಹಾಸುಗಲ್ಲು. ಆನೆ ನಿಲ್ಲಬಹುದು ಅದರ ಮೇಲೆ. ಆದರೆ ಕೈಯಲ್ಲಿ ಸೀಳಿದ ಕಲ್ಲು ಕನ್ನಡಿಯಂತೆ ಸಮ ಇರೋದಿಲ್ಲ, ಸಣ್ಣ ಉಬ್ಬಿದ್ದರೂ ಭಾರವೆಲ್ಲ ಆ ಒಂದು ಕಡೆ ಬಿದ್ದು ತಳದ ಗಾಜು ಸೀಳುತ್ತದೆ. ಆದ್ದರಿಂದ ರಸಮಟ್ಟ ಹಿಡಿದು ನಾಲ್ಕೂ ಕಡೆ ನೋಡಿ, ಕಲ್ಲಿಗೂ ಗಾಜಿಗೂ ನಡುವೆ ಗಟ್ಟಿ ಥರ್ಮಾಕೋಲ್ ಹಾಳೆ ಹಾಕಬೇಕು.

ಇನ್ನು ಶಹಾಬಾದಿನ ಇಬ್ಬರ ಪ್ರಶ್ನೆ. ನಮ್ಮ ಕಲ್ಲು ಸುಣ್ಣದ್ದು, ಸಮುದ್ರಕ್ಕೂ ಕ್ಯಾಲ್ಸಿಯಂ ಬೇಕು, ಹಾಗಾದರೆ ಟ್ಯಾಂಕಿನೊಳಗೆ ಹಾಕಿದರೆ ಲಾಭ ಅಲ್ವಾ? ನಾನೂ ಹಾಗೇ ಅಂದ್ಕೊಂಡಿದ್ದೆ. ಲಾಭವೂ ಇಲ್ಲ, ದೊಡ್ಡ ನಷ್ಟವೂ ಇಲ್ಲ. ಸಮುದ್ರದ ನೀರಿನ ಪಿಎಚ್ 8.1, 8.2 ಇರುತ್ತದೆ. ಆ ನೀರಿನಲ್ಲಿ ಸುಣ್ಣಗಲ್ಲು ಕರಗುವುದೇ ಇಲ್ಲ, ಹಾಗಾಗಿ ಅದು ಕ್ಯಾಲ್ಸಿಯಂ ಬಿಡುವುದಿಲ್ಲ. ಇನ್ನೊಂದು, ಟ್ಯಾಂಕಿನೊಳಗೆ ಕಲ್ಲು ಹಾಕುವುದು ಚಂದಕ್ಕಲ್ಲ, ಬ್ಯಾಕ್ಟೀರಿಯಾಗೆ ಮನೆ ಮಾಡಿಕೊಡಲು. ಅದಕ್ಕೆ ಸ್ಪಂಜಿನಂತೆ ತೂತು ತೂತಾದ ಕಲ್ಲು ಬೇಕು. ಫರ್ಸಿ ಒತ್ತಾಗಿ ಕೂತ ಕಲ್ಲು, ಅದರಲ್ಲಿ ತೂತೆಲ್ಲಿ? ನಾನು ತಳಕ್ಕೆ ಎರಡು ಫರ್ಸಿ ತುಂಡು ಇಟ್ಟು, ಅದರ ಮೇಲೆ ಅಕ್ವೇರಿಯಂಗೆಂದೇ ಮಾಡಿದ ತೂತಿನ ಸೆರಾಮಿಕ್ ಕಲ್ಲು ಜೋಡಿಸಿದೆ. ಕ್ವಾರಿಯ ಪುಡಿಯನ್ನು ಮರಳಿನ ಬದಲು ಹಾಕಬೇಡಿ. ಅದರಲ್ಲಿ ಮಣ್ಣಿನ ಅಂಶ ಇರುತ್ತದೆ, ನೀರು ತಿಂಗಳಾದರೂ ತಿಳಿಯಾಗುವುದಿಲ್ಲ.

ಆಗಸ್ಟಿನಲ್ಲಿ ಕೌದಿ ತೆಗೆದು ನೀರು ತುಂಬಿದೆ. ಇಪ್ಪತ್ತು ಕಿಲೋಗಿಂತ ಸ್ವಲ್ಪ ಹೆಚ್ಚು ಉಪ್ಪು ಹಿಡಿಯಿತು. ರಿಫ್ರ್ಯಾಕ್ಟೋಮೀಟರ್ ಅಂತ ಒಂದು ಸಣ್ಣ ದುರ್ಬೀನಿನಂಥ ಉಪಕರಣ ಸಿಗುತ್ತದೆ, ಒಂದು ಹನಿ ನೀರು ಹಾಕಿ ಬೆಳಕಿಗೆ ಹಿಡಿದರೆ ಉಪ್ಪು ಎಷ್ಟಿದೆ ಅಂತ ಗೀಟು ತೋರಿಸುತ್ತದೆ. 35 ಬರಬೇಕು, ಅಥವಾ ಸಾಪೇಕ್ಷ ಸಾಂದ್ರತೆ 1.025, 1.026. ಬೇರೆ ಏನು ಉಳಿಸಿದರೂ ಇದರ ಮೇಲಿನ ಖರ್ಚು ಉಳಿಸಬೇಡಿ.

ಆಮೇಲೆ? ಆಮೇಲೆ ಏನೂ ಇಲ್ಲ. ಆರು ವಾರ ಖಾಲಿ ಟ್ಯಾಂಕ್. ಪಂಪ್ ಓಡುತ್ತದೆ, ಲೈಟ್ ಹತ್ತುತ್ತದೆ, ಮೀನಿಲ್ಲ. ಓಣಿಯ ಹುಡುಗರು ಬಂದು ನೋಡಿ ನಕ್ಕು ಹೋದರು. ಹೆಚ್ಚಿನವರ ಮೀನು ಸಾಯುವುದು ಈ ಆರು ವಾರ ಕಾಯದ ಕಾರಣಕ್ಕೆ. ಮೀನು ಉಸಿರಾಡಿದರೂ, ಹೇತರೂ ನೀರಿಗೆ ಅಮೋನಿಯಾ ಸೇರುತ್ತದೆ. ಒಂದು ಜಾತಿಯ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತದೆ, ಇನ್ನೊಂದು ಜಾತಿ ಅದನ್ನು ನೈಟ್ರೇಟ್ ಮಾಡುತ್ತದೆ. ನೈಟ್ರೇಟ್ ಅಷ್ಟು ವಿಷ ಅಲ್ಲ, ನೀರು ಬದಲಿಸಿ ತೆಗೆಯಬಹುದು. ಈ ಬ್ಯಾಕ್ಟೀರಿಯಾ ಕಲ್ಲಿನ ತೂತಿನಲ್ಲಿ ಬೆಳೆಯಲು ವಾರಗಟ್ಟಲೆ ಬೇಕು. ಪಿಎಚ್ ಏರಿದಷ್ಟೂ ಅಮೋನಿಯಾ ಹೆಚ್ಚು ವಿಷವಾಗುತ್ತದೆ, ಅದಕ್ಕೇ ಗಪ್ಪಿ, ಗೋಲ್ಡ್‌ಫಿಶ್ ಇಟ್ಟು ಪಾರಾದವರು ಸಮುದ್ರದ ಮೀನಿಗೆ ಬಂದು ಸೋಲುತ್ತಾರೆ. ನಾನು ದಿನಕ್ಕೆ ಒಂದು ಚಿಟಿಕೆ ಮೀನಿನ ಆಹಾರ ಖಾಲಿ ಟ್ಯಾಂಕಿಗೆ ಹಾಕುತ್ತಿದ್ದೆ. ಅದು ಕೊಳೆತು ಅಮೋನಿಯಾ ಆಗಲಿ ಅಂತ. ಟೆಸ್ಟ್ ಕಿಟ್‌ನಲ್ಲಿ ಅಮೋನಿಯಾ ಏರಿತು, ಇಳಿಯಿತು. ನೈಟ್ರೈಟ್ ಏರಿತು, ಇಳಿಯಿತು. ಎರಡೂ ಸೊನ್ನೆಗೆ ಬಂದು ಒಂದು ವಾರ ಹಾಗೇ ನಿಂತ ಮೇಲೆ ಅಕ್ಟೋಬರಿನಲ್ಲಿ ಮೊದಲ ಎರಡು ಮೀನು ತಂದೆ.

ಸೇಡಂನಿಂದ ತಾಂಡೂರು ದಾಟಿದರೆ ಹೈದರಾಬಾದ್ ರೈಲಿಗೆ ದೂರ ಅಲ್ಲ. ಆಕ್ಸಿಜನ್ ತುಂಬಿದ ಪ್ಲಾಸ್ಟಿಕ್ ಚೀಲ, ಥರ್ಮಾಕೋಲ್ ಡಬ್ಬಿ, ಕಿಟಕಿ ಪಕ್ಕ ಅಲ್ಲ, ಸೀಟಿನ ಕೆಳಗೆ. ಇಲ್ಲಿ ಯಾರೂ ಹೇಳದ ಒಂದು ಸಂಗತಿ ಇದೆ. ಚೀಲದೊಳಗೆ ಮೀನು ಬಿಟ್ಟ ಕಾರ್ಬನ್ ಡೈಆಕ್ಸೈಡ್ ನೀರಿನ ಪಿಎಚ್ ಇಳಿಸಿರುತ್ತದೆ, ಅದರಿಂದ ಅಲ್ಲಿ ಸೇರಿದ ಅಮೋನಿಯಾ ಹೆಚ್ಚು ತೊಂದರೆ ಕೊಡುವುದಿಲ್ಲ. ಚೀಲ ಬಿಚ್ಚಿದ ಕೂಡಲೇ ಗ್ಯಾಸ್ ಹಾರಿ ಪಿಎಚ್ ಏರುತ್ತದೆ, ಅದೇ ಅಮೋನಿಯಾ ವಿಷ ಆಗುತ್ತದೆ. ಆದ್ದರಿಂದ ಚೀಲ ಬಿಚ್ಚಿ ತಾಸುಗಟ್ಟಲೆ ಹನಿ ಹನಿ ನೀರು ಬಿಡುತ್ತಾ ಕೂರಬೇಡಿ. ಮುಚ್ಚಿದ ಚೀಲವನ್ನು ಇಪ್ಪತ್ತು ನಿಮಿಷ ತೇಲಿಬಿಟ್ಟು ಬಿಸಿ ಸಮ ಮಾಡಿ. ಚೀಲದ ನೀರಿನ ಉಪ್ಪು ನಿಮ್ಮ ನೀರಿಗೆ ಹತ್ತಿರ ಇದ್ದರೆ, ಬಿಚ್ಚಿ, ಬಲೆಯಿಂದ ಮೀನು ಮಾತ್ರ ಎತ್ತಿ ಬಿಡಿ. ಚೀಲದ ನೀರು ಟ್ಯಾಂಕಿಗೆ ಬೇಡ.

ಯಾವ ಮೀನು ಅಂದ್ರೆ, ನನ್ನ ಮಟ್ಟಿಗೆ ಹ್ಯಾಚರಿಯಲ್ಲಿ ಹುಟ್ಟಿದ ಮೀನು ಮಾತ್ರ. ಕ್ಲೌನ್ ಮೀನನ್ನು, ಅದೇ ಕಿತ್ತಳೆ ಬಿಳಿ ಪಟ್ಟಿಯದು, ಸಾಕಿ ಮರಿ ಮಾಡಿಸುವ ವಿಧಾನವನ್ನು ನಮ್ಮ ದೇಶದ ಕೇಂದ್ರ ಸಮುದ್ರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯೇ ರೂಪಿಸಿದೆ. ಹಾಗೆ ಹುಟ್ಟಿದ ಮರಿ ಗುಳಿಗೆ ಆಹಾರ ತಿಂದು ಬೆಳೆದಿರುತ್ತದೆ, ಗಾಜಿನ ಗೋಡೆ ಕಂಡು ಗಾಬರಿಯಾಗುವುದಿಲ್ಲ. ಸಿನಿಮಾದಲ್ಲಿ ತೋರಿಸಿದ ಹಾಗೆ ಅದಕ್ಕೆ ಅನಿಮೋನ್ ಬೇಕೇ ಬೇಕು ಅಂತಿಲ್ಲ. ಇನ್ನೊಂದು ತಮಾಷೆ: ಕ್ಲೌನ್ ಮೀನು ಎಲ್ಲವೂ ಗಂಡಾಗಿಯೇ ಶುರುವಾಗುತ್ತವೆ, ಗುಂಪಿನಲ್ಲಿ ದೊಡ್ಡದಾಗಿ ಜೋರು ಮಾಡುವುದು ಹೆಣ್ಣಾಗುತ್ತದೆ. ಅವ್ವನಿಗೆ ಇದನ್ನು ಹೇಳಿದಾಗ, "ಮನಿ ನಡಸೋದು ಯಾರಂತ ಅದಕ್ಕೂ ಗೊತ್ತದ" ಅಂದಳು.

ವಾಡಿಯ ಇನ್ನೊಬ್ಬ ಕೇಳುಗ ಒಂದು ಫೋಟೊ ಕಳಿಸಿದ್ದಾನೆ. ಯಾರೋ ಮೊಬೈಲ್ ಗ್ರೂಪಿನಲ್ಲಿ ಕಡಲ ಕುದುರೆ ಮತ್ತು ಜೀವಂತ ಹವಳ ಮಾರುತ್ತಿದ್ದಾರೆ, ತಗೊಳ್ಳಲಾ ಅಂತ. ತಗೋಬ್ಯಾಡ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪಟ್ಟಿಗೆ 2001ರಲ್ಲಿ ಕಡಲ ಕುದುರೆ, ದಿಬ್ಬ ಕಟ್ಟುವ ಹವಳ, ಕಪ್ಪು ಹವಳ, ಬೀಸಣಿಗೆ ಹವಳ ಎಲ್ಲ ಸೇರಿದವು. ಹುಲಿ ಇರುವ ಪಟ್ಟಿ ಅದು. ಸಿಕ್ಕಿಬಿದ್ದರೆ ಮೂರರಿಂದ ಏಳು ವರ್ಷ ಜೈಲು. ಲೈವ್ ರಾಕ್ ಅಂತ ಸಮುದ್ರದಿಂದ ಕಿತ್ತು ಮಾರುವ ಕಲ್ಲು ಕೂಡ ಹೆಚ್ಚಾಗಿ ಹವಳದ ಅಸ್ಥಿಯೇ. ವಿದೇಶಿ ಯೂಟ್ಯೂಬ್ ಚಾನೆಲ್‌ಗಳಲ್ಲಿ ಬಣ್ಣ ಬಣ್ಣದ ಹವಳದ ಟ್ಯಾಂಕ್ ನೋಡಿ ಆಸೆ ಆಗುವುದು ಸಹಜ, ನನಗೂ ಆಗಿತ್ತು. ನನ್ನ ಟ್ಯಾಂಕ್ ಮೀನಿನದು ಮಾತ್ರ. ಮೊದಲೇ ಹಾಗೆ ಗಟ್ಟಿ ಮಾಡಿಕೊಂಡರೆ ಲೈಟು, ಕೆಮಿಕಲ್ ಖರ್ಚು ಅರ್ಧ ಇಳಿಯುತ್ತದೆ.

ಈಗ ಬಿಸಿಲು. ಈ ಮೀನುಗಳಿಗೆ ಬೇಕಾದದ್ದು 25ರಿಂದ 28 ಡಿಗ್ರಿ. ನಮ್ಮಲ್ಲಿ ಮೇ ತಿಂಗಳಲ್ಲಿ ಹೊರಗೆ 42, 43. ಚಿಲ್ಲರ್ ಅಂದ್ರೆ ಟ್ಯಾಂಕಿನ ಫ್ರಿಡ್ಜ್, ಅದರ ಬೆಲೆ ಟ್ಯಾಂಕಿನಷ್ಟೇ. ನಾನು ಚಿಲ್ಲರ್ ತಗೊಂಡಿಲ್ಲ. ಯಾಕಂದ್ರೆ ನಮ್ಮ ಊರಿನ ಒಣ ಬಿಸಿಲೇ ಇಲ್ಲಿ ಸಹಾಯಕ್ಕೆ ಬರುತ್ತದೆ. ಮನೆಯ ಕೂಲರ್ ಯಾಕೆ ಇಲ್ಲಿ ತಂಪು ಕೊಡುತ್ತದೆ, ಮಂಗಳೂರಿನಲ್ಲಿ ಕೊಡುವುದಿಲ್ಲ? ಅಲ್ಲಿ ಗಾಳಿ ಮೊದಲೇ ತೇವ, ನೀರು ಆರುವುದಿಲ್ಲ. ಇಲ್ಲಿ ಒಗೆದ ಧೋತರ ಅರ್ಧ ತಾಸಿನಲ್ಲಿ ಆರುತ್ತದೆ. ನೀರು ಆರುವಾಗ ಬಿಸಿಯನ್ನು ಹೊತ್ತೊಯ್ಯುತ್ತದೆ. 560 ಲೀಟರಿನ ಟ್ಯಾಂಕಿನಿಂದ ಒಂದು ಲೀಟರ್ ಆರಿದರೆ ಉಳಿದ ನೀರು ಒಂದು ಡಿಗ್ರಿಯಷ್ಟು ತಂಪಾಗುತ್ತದೆ. ನೀರಿನ ಮೇಲ್ಮೈಗೆ ಮೂರು ಸಣ್ಣ ಫ್ಯಾನ್ ಹಚ್ಚಿದ್ದೇನೆ. ಮಣ್ಣಿನ ಕೊಡ ಮಾಡುವ ಕೆಲಸವನ್ನೇ ಅವು ಮಾಡುತ್ತವೆ. ಕೋಣೆಯಲ್ಲಿ 36 ಇದ್ದಾಗ ಟ್ಯಾಂಕ್ 28ರಲ್ಲಿ ನಿಲ್ಲುತ್ತದೆ.

ಇದಕ್ಕೆ ನೀರು ತೆರಬೇಕು. ಕಡು ಬ್ಯಾಸಗಿಯಲ್ಲಿ ದಿನಕ್ಕೆ ಹತ್ತು ಲೀಟರ್ ಆರುತ್ತದೆ. ಆರುವುದು ನೀರು ಮಾತ್ರ, ಉಪ್ಪು ಟ್ಯಾಂಕಿನಲ್ಲೇ ಉಳಿಯುತ್ತದೆ. ಐದು ದಿನ ನೋಡದೆ ಬಿಟ್ಟರೆ 35 ಇದ್ದ ಉಪ್ಪು 38 ದಾಟುತ್ತದೆ. ಆದ್ದರಿಂದ ದಿನಾ ತುಂಬುವುದು ಸಿಹಿ ಮಳೆನೀರು, ಉಪ್ಪುನೀರಲ್ಲ. ಈ ತಪ್ಪನ್ನು ಮಾಡದವರು ಕಡಿಮೆ. ಲೆಕ್ಕ ಹೇಳ್ತೀನಿ: ಮಾರ್ಚಿನಿಂದ ಮೇವರೆಗೆ ಆರಿ ಹೋಗುವುದು ಸರಾಸರಿ ದಿನಕ್ಕೆ ಏಳು ಲೀಟರ್, 600 ಚಿಲ್ಲರೆ. ಹದಿನೈದು ದಿನಕ್ಕೊಮ್ಮೆ ಬದಲಿಸುವ 55 ಲೀಟರ್ ಸೇರಿಸಿದರೆ ಮೂರು ತಿಂಗಳಿಗೆ ಸಾವಿರದ ಹತ್ತಿರ. ನವೆಂಬರಿನಿಂದ ಫೆಬ್ರವರಿಗೆ ಇನ್ನೊಂದು 800. ಮಾಳಿಗೆಯ ಎರಡು ಟ್ಯಾಂಕ್ ಸೇರಿ ಎರಡು ಸಾವಿರ. ಸಾಲುತ್ತದೆ, ಆದರೆ ಚೆಲ್ಲಿ ಆಡುವಷ್ಟು ಅಲ್ಲ. ಚಿಂಚೋಳಿ ಅಕ್ಕಾರೇ, ನಿಮ್ಮ ಸಿಟ್ಟಿಗೆ ನನ್ನ ಹತ್ತಿರ ಇರುವುದು ಈ ಲೆಕ್ಕ ಒಂದೇ. ಮಳೆ ಕೈಕೊಟ್ಟ ವರ್ಷ ಬಂದರೆ ಮೀನುಗಳನ್ನು ಹೈದರಾಬಾದಿನ ಗೆಳೆಯನಿಗೆ ಕೊಡುತ್ತೇನೆ ಅಂತ ಅವ್ವನಿಗೆ ಮಾತು ಕೊಟ್ಟಿದ್ದೇನೆ.

ನಾನು ಸೋತದ್ದು ನೀರಿನಲ್ಲಿ ಅಲ್ಲ, ಬಿಸಿಲಿನಲ್ಲೂ ಅಲ್ಲ. ಮೊದಲ ಬ್ಯಾಸಗಿ, ಮೇ ತಿಂಗಳು. ಆಗ ಏಳು ಮೀನಿದ್ದವು. ಮನೆಯಲ್ಲಿ ಲಗ್ನದ ಬೀಗರು. ರಾತ್ರಿ ಹತ್ತೂವರೆಗೆ ಗಾಳಿ ಎದ್ದು ಕರೆಂಟ್ ಹೋಯಿತು. ಇನ್ವರ್ಟರ್ ಇದೆಯಲ್ಲ ಅಂತ ಮಲಗಿದೆ. ಅದೇ ಇನ್ವರ್ಟರ್ ಮೇಲೆ ಎರಡು ಸೀಲಿಂಗ್ ಫ್ಯಾನ್, ಬೀಗರಿಗೆ ಹಚ್ಚಿದ ಕೂಲರ್, ಜೊತೆಗೆ ನನ್ನ ಪಂಪು. ಎಲ್ಲ ಸೇರಿ 370 ವ್ಯಾಟ್. 150 ಎಎಚ್ ಬ್ಯಾಟರಿ ಅದನ್ನು ಎಳೆದದ್ದು ಮೂರೂವರೆ ತಾಸು. ಎರಡು ಗಂಟೆಗೆ ಎಲ್ಲ ನಿಂತಿದೆ, ನನಗೆ ಗೊತ್ತಿಲ್ಲ. ಆರಕ್ಕೆ ಎದ್ದು ನೋಡಿದರೆ ನಾಲ್ಕು ಮೀನು ತಳದಲ್ಲಿ ಬಿದ್ದಿದ್ದವು. ಎರಡು ಕ್ಲೌನ್, ಒಂದು ಡ್ಯಾಮ್ಸೆಲ್ ನೀರಿನ ಮೇಲ್ಮೈಗೆ ಬಾಯಿ ಹಚ್ಚಿ ಏದುತ್ತಿದ್ದವು.

25 ಡಿಗ್ರಿಯ ಸಿಹಿನೀರು ಲೀಟರಿಗೆ ಎಂಟು ಮಿಲಿಗ್ರಾಂ ಆಕ್ಸಿಜನ್ ಹಿಡಿಯುತ್ತದೆ. ಸಮುದ್ರದ ನೀರು ಆರೂಮುಕ್ಕಾಲು. ಬಿಸಿ ಏರಿದರೆ ಇನ್ನೂ ಕಡಿಮೆ. ನೀರು ಅಲುಗಾಡುವುದು ನಿಂತರೆ ಹೊಸ ಆಕ್ಸಿಜನ್ ಸೇರುವುದೂ ನಿಲ್ಲುತ್ತದೆ, ಕಲ್ಲಿನ ಬ್ಯಾಕ್ಟೀರಿಯಾ ಕೂಡ ಇರುವುದನ್ನೇ ತಿನ್ನುತ್ತವೆ. ನಾನು ತಂಬಿಗೆ ಹಿಡಿದು ಟ್ಯಾಂಕಿನ ನೀರನ್ನೇ ಎತ್ತಿ ಎತ್ತರದಿಂದ ಸುರಿಯುತ್ತಾ ನಿಂತೆ. ಅವ್ವ ಬಂದು ಏನೂ ಕೇಳಲಿಲ್ಲ, ಇನ್ನೊಂದು ತಂಬಿಗೆ ತಂದಳು. ಒಂಬತ್ತಕ್ಕೆ ಕರೆಂಟ್ ಬಂತು. ಮೊದಲೇ ಉಪ್ಪು ಬೆರೆಸಿ ಇಟ್ಟಿದ್ದ 60 ಲೀಟರ್ ನೀರಿತ್ತು, ಬದಲಿಸಿದೆ. ಮೂರು ಉಳಿದವು.

ಬೇಜಾರಿಗಿಂತ ನಾಚಿಕೆ ಹೆಚ್ಚಾಯಿತು. ಯಾಕಂದ್ರೆ ಅದೇ ಬ್ಯಾಟರಿಗೆ ಪಂಪ್ ಮತ್ತು ಅಲೆ ಎಬ್ಬಿಸುವ ಸಣ್ಣ ಮೋಟರ್ ಮಾತ್ರ ಇದ್ದಿದ್ದರೆ, ಎರಡೂ ಸೇರಿ 60 ವ್ಯಾಟ್, ಇಪ್ಪತ್ತು ತಾಸು ಓಡುತ್ತಿತ್ತು. ಈಗ ಟ್ಯಾಂಕಿಗೆ ಬೇರೆ ಬ್ಯಾಟರಿ, ಬೇರೆ ಇನ್ವರ್ಟರ್. ಅದಕ್ಕೆ ಮೊಬೈಲ್ ಚಾರ್ಜರ್ ಚುಚ್ಚುವುದೂ ಮನೆಯಲ್ಲಿ ನಿಷೇಧ. ಜೊತೆಗೆ ಕರೆಂಟ್ ಹೋದ ಕೂಡಲೇ ತಾನೇ ಶುರುವಾಗುವ ಬ್ಯಾಟರಿ ಏರ್ ಪಂಪ್. ನಿಮ್ಮ ಬಜೆಟ್ಟಿನಲ್ಲಿ ಮೀನಿಗಿಂತ ಮೊದಲು ಇದನ್ನು ಬರೆಯಿರಿ.

ಖರ್ಚು ಅಂದರಲ್ಲ ಚಿತ್ತಾಪುರದವರು. ಟ್ಯಾಂಕ್, ಕಟ್ಟೆ, ಕೆಳಗಿನ ಫಿಲ್ಟರ್ ತೊಟ್ಟಿ, ಪಂಪ್, ನೊರೆಯ ಜೊತೆ ಕೊಳೆ ಎತ್ತುವ ಪ್ರೋಟೀನ್ ಸ್ಕಿಮ್ಮರ್, ಕಲ್ಲು, ಉಪ್ಪು, ಮಳೆನೀರಿನ ಎರಡು ಟ್ಯಾಂಕ್, ಬ್ಯಾಟರಿ ಎಲ್ಲ ಸೇರಿ ನನಗೆ 1,30,000 ರೂಪಾಯಿ ಹತ್ತಿರ ಬಂತು, ಒಂದೂವರೆ ವರ್ಷದಲ್ಲಿ ತುಂಡು ತುಂಡಾಗಿ. ಕರೆಂಟ್ ತಿಂಗಳಿಗೆ ಸುಮಾರು 75 ಯುನಿಟ್. ಡಿಸೆಂಬರ್ ಚಳಿಗೆ ಹೀಟರ್ ಹಚ್ಚಿದರೆ ಇನ್ನೂ ಮೇಲೆ. ಸಣ್ಣ ದುಡ್ಡಲ್ಲ. ಸಾಲ ಮಾಡಿ ಇಡುವ ವಸ್ತು ಇದಲ್ಲ.

ತೆಗೆದ ಹಳೇ ಉಪ್ಪುನೀರು ಎಲ್ಲಿ ಹಾಕೋದು ಅಂತ ಯಾರೂ ಕೇಳಲಿಲ್ಲ, ಆದರೆ ಹೇಳಲೇಬೇಕು. 55 ಲೀಟರಿನಲ್ಲಿ ಎರಡು ಕಿಲೋ ಹತ್ತಿರ ಉಪ್ಪಿರುತ್ತದೆ. ಮೊದಲ ಸಲ ನೀರು ಹಾಳಾಗಬಾರದು ಅಂತ ಹಿತ್ತಲಿನ ಕರಿಬೇವಿಗೆ ಹಾಕಿದೆ. ಹನ್ನೆರಡು ವರ್ಷದ ಗಿಡ, ಅವ್ವ ನೆಟ್ಟದ್ದು, ಮೂರು ವಾರದಲ್ಲಿ ಒಣಗಿತು. ಹೊಲಕ್ಕೂ ಬೇಡ, ಗಿಡಕ್ಕೂ ಬೇಡ. ಪಾಯಖಾನೆಗೆ ಸುರಿಯಲು ಇಟ್ಟುಕೊಳ್ಳಿ, ಅಷ್ಟು ಒಳ್ಳೇ ನೀರು ಉಳಿಯುತ್ತದೆ.

ಹೊಸ ಕರಿಬೇವಿನ ಗಿಡ ಈಗ ಮೊಣಕಾಲೆತ್ತರ ಆಗಿದೆ. ಎರಡನೇ ಬ್ಯಾಸಗಿ ದಾಟಿತು, ಒಂದೂ ಮೀನು ಸಾಯಲಿಲ್ಲ. ದೊಡ್ಡ ಕ್ಲೌನ್ ಹೆಣ್ಣಾಗಿದೆ ಅಂತ ಅನಿಸುತ್ತದೆ, ಸಣ್ಣದನ್ನು ಅಟ್ಟಾಡಿಸುತ್ತದೆ. ಮುಂಜಾನೆ ಅವುಗಳಿಗೆ ಕಾಳು ಹಾಕುವುದು ಈಗ ನನ್ನ ಕೆಲಸ ಅಲ್ಲ, ಅವ್ವ ಬಿಟ್ಟುಕೊಡುವುದಿಲ್ಲ. ಹೆಚ್ಚು ಹಾಕಬ್ಯಾಡ ಅಂತ ದಿನಾ ಜಗಳ.

ಬೋರಿನ ನೀರಿನ ಟಿಡಿಎಸ್ ನಿಮ್ಮೂರಲ್ಲಿ ಎಷ್ಟಿದೆ ಅಂತ ಮೀಟರಿನ ಫೋಟೊ ತೆಗೆದು ಕಳಿಸಿ. ವಾಡಿ, ಶಹಾಬಾದ್, ಚಿತ್ತಾಪುರ, ಚಿಂಚೋಳಿ, ಸೇಡಂ, ಎಲ್ಲವನ್ನೂ ಒಂದು ಕಡೆ ಬರೆದು ಮುಂದಿನ ಎಪಿಸೋಡ್‌ನಲ್ಲಿ ಓದ್ತೀನಿ. ಬರ್ತೀನ್ರಿ.